ಕೇಳುವ ಮೊದಲೇ ಯೆಸ್

ಮಂಗಳವಾರ ಪಕ್ಕದ ಮನೆ ಹುಡುಗ ಹೇಳಿದ ಒಂದು ಮಾತು ಇನ್ನೂ ಕಿವಿಯಲ್ಲೇ ಇದೆ. ಶಿರಸಿಯ ಈ ಮಳೆಯಲ್ಲಿ ಲ್ಯಾಪ್‌ಟಾಪಿಗೆ ಪ್ಲಾಸ್ಟಿಕ್ ಸುತ್ತಿಕೊಂಡು ಬಂದಿದ್ದ. ಅದರ ಆಪರೇಟಿಂಗ್ ಸಿಸ್ಟಮ್ ಉಬುಂಟು ಶುರುವಾಗುತ್ತದೆ, ಆದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಲಾಗಿನ್ ಕೇಳುತ್ತದೆ, ಅಷ್ಟೇ. ಡಿಪ್ಲೊಮಾ ಪ್ರಾಜೆಕ್ಟ್ ಪೂರಾ ಅದರೊಳಗೇ ಇತ್ತು.

"ಏನ್ ಮಾಡಿದ್ಯೋ ತಮಾ?"

"ಹಳೇ ಪೈಥಾನ್ ತೆಗೆದೆ. ಜಾಗ ಸಾಲ್ತಾ ಇರ್ಲಿಲ್ಲ."

"ಏನೇನು ಹೋಗ್ತದೆ ಅಂತ ಪಟ್ಟಿ ತೋರಿಸ್ತದಲ್ಲ? ಮುಂದುವರಿಸಲಾ ಅಂತ ಕೇಳ್ತದಲ್ಲ?"

"ಅದು ನನ್ನ ಕೇಳಲೇ ಇಲ್ಲ ಅಕ್ಕಾ."

ಸುಳ್ಳು ಹೇಳುವ ಹುಡುಗ ಅಲ್ಲ. ಬುದ್ಧಿವಂತ, ಕೈ ಮಾತ್ರ ಸ್ವಲ್ಪ ಚುರುಕು ಜಾಸ್ತಿ. ಆದರೆ ಉಬುಂಟುವಿನಲ್ಲಿ ಸಾಫ್ಟ್‌ವೇರ್ ಹಾಕುವ, ತೆಗೆಯುವ ಆಪ್ಟ್ ಕೇಳದೇ ಇಷ್ಟೆಲ್ಲ ತೆಗೆಯುವುದಿಲ್ಲ ಎಂದು ನನಗೆ ಗೊತ್ತು. 1999ರಲ್ಲಿ, ಉಬುಂಟುವಿಗೆ ಮೂಲವಾದ ಡೆಬಿಯನ್ ಸಿಸ್ಟಮ್‌ನ 2.1 ಆವೃತ್ತಿಯ ಜೊತೆ ಬಂದ ಸಾಧನ ಅದು. ಯಾವ ಪ್ಯಾಕೇಜು, ಅಂದರೆ ಸಾಫ್ಟ್‌ವೇರಿನ ಕಟ್ಟು, ಯಾವುದನ್ನು ನಂಬಿಕೊಂಡಿದೆ ಎಂಬ ಲೆಕ್ಕ ಪೂರಾ ಅದರ ಹತ್ತಿರ ಇರುತ್ತದೆ. ಪೈಥಾನ್ ಒಂದು ಪ್ರೋಗ್ರಾಮಿಂಗ್ ಭಾಷೆ; ಅದನ್ನು ತೆಗೆ ಎಂದರೆ ಅದನ್ನು ನಂಬಿಕೊಂಡದ್ದೆಲ್ಲ ಹೋಗಬೇಕು. ಉಬುಂಟುವಿನಲ್ಲಿ ಅಪ್‌ಡೇಟ್ ತೋರಿಸುವ ಕಿಟಕಿ ಕೂಡ ಪೈಥಾನಿನಲ್ಲೇ ಬರೆದದ್ದು. ಒಂದನ್ನು ಎಳೆದರೆ ಇನ್ನೊಂದು ಬರುತ್ತದೆ, ಅದರ ಹಿಂದೆ ಮತ್ತೊಂದು. ಅದಕ್ಕೇ ಅದು ಮೊದಲು ಪಟ್ಟಿ ಕೊಡುತ್ತದೆ, 'ರಿಮೂವ್ಡ್' ಎಂದು ದೊಡ್ಡ ಅಕ್ಷರದಲ್ಲಿ.

ಲಾಗಿನ್ ಆಗಿ ಆಪ್ಟಿನ ಹಿಸ್ಟರಿ ಲಾಗ್ ತೆರೆದೆ. ಎಷ್ಟು ಗಂಟೆಗೆ, ಯಾವ ಆಜ್ಞೆ, ಏನೇನು ಹೋಯಿತು, ಎಲ್ಲ ಬರೆದಿಟ್ಟಿತ್ತು. ಆಪ್ಟ್ ರಿಮೂವ್, ಹೈಫನ್ ವೈ (-y), ಪೈಥಾನ್3. ಆ ಹೈಫನ್ ವೈ ನೋಡಿದ ಮೇಲೆ ಅವನ ಮಾತು ಅರ್ಥವಾಯಿತು. ಯಾವ ಪ್ರಶ್ನೆ ಬಂದರೂ ಉತ್ತರ ಯೆಸ್ ಎಂದು ಮೊದಲೇ ಹೇಳಿಡುವುದು ಅದು. ಕೇಳಲೇ ಇಲ್ಲ ಎಂದದ್ದು ನಿಜವೇ. ಕೇಳುವ ಮೊದಲೇ ಇವನು ಒಪ್ಪಿಯಾಗಿತ್ತು. ವ್ಯವಸ್ಥೆಗೆ ತೀರಾ ಅಗತ್ಯ ಎಂದು ಗುರುತು ಹಾಕಿದ ಪ್ಯಾಕೇಜಾದರೆ ಹೈಫನ್ ವೈ ಕೊಟ್ಟರೂ ಆಪ್ಟ್ ನಿಂತುಬಿಡುತ್ತದೆ. ಪೈಥಾನಿಗೆ ಆ ಗುರುತು ಇಲ್ಲ.

"ಇದನ್ನ ಯಾಕೆ ಹಾಕಿದ್ಯೋ?"

"ಲ್ಯಾಬ್ ನೋಟ್ಸಲ್ಲಿ ಎಲ್ಲ ಸಾಲಿಗೂ ಇದೆ ಅಕ್ಕಾ. ಅದು ಆಜ್ಞೆಯದೇ ಒಂದು ಭಾಗ ಅಂದ್ಕೊಂಡಿದ್ದೆ."

ನನಗೆ ಸಿಟ್ಟು ಬಂದದ್ದು ಇಲ್ಲಿ, ಅವನ ಮೇಲಲ್ಲ. ಇನ್‌ಸ್ಟಾಲ್ ಬೇಗ ಮುಗಿಯಲಿ ಅಂತ ಯಾರೋ ಹಾಕಿರುತ್ತಾರೆ. ನೂರು ಯಂತ್ರಕ್ಕೆ ಸ್ಕ್ರಿಪ್ಟ್ ಬರೆಯುವವರಿಗೆ ಅದು ಬೇಕು. ಕಲಿಯುವ ಮಕ್ಕಳಿಗೆ ಯಾಕೆ? ಓದುವುದೇ ಕಲಿಕೆ ಅಲ್ವಾ?

ನನ್ನ ಅಪ್ಪ ಸಾಲದ ಕಾಗದಕ್ಕೆ ಸಹಿ ಹಾಕುತ್ತಿದ್ದದ್ದೂ ಹೀಗೇ. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ಹಾಕುತ್ತಾ ಹೋಗುವುದು. ಅಡಿಕೆ ಟೆಂಡರಿನ ದರ ಮಾತ್ರ ಕನ್ನಡಕ ಸರಿಮಾಡಿಕೊಂಡು ಎರಡೆರಡು ಸಲ ಓದುತ್ತಿದ್ದರು. ಓದಲು ಬಾರದವರಲ್ಲ. ಕಾಗದ ಮುಂದೆ ಇಡುವವರೇ ಓದುವಷ್ಟು ಹೊತ್ತು ಕೊಡುತ್ತಿರಲಿಲ್ಲ. ಹಿಂದೆ ಸಾಲು ನಿಂತಿರುತ್ತಿತ್ತು, "ಬೇಗ ಹಾಕಿ ಹೆಗಡೇರೆ" ಎನ್ನುತ್ತಿದ್ದರು. ಆಪ್ಟ್ ಆ ಥರ ಅವಸರ ಮಾಡುವುದಿಲ್ಲ. ರಾತ್ರಿಯಿಡೀ ಬೇಕಾದರೂ ಉತ್ತರಕ್ಕೆ ಕಾಯುತ್ತದೆ. ಅಷ್ಟು ತಾಳ್ಮೆ ಇರುವ ಒಂದು ಸಾಧನದ ಬಾಯನ್ನು ನಾವೇ ಮುಚ್ಚಿಸುತ್ತೇವೆ ಎನ್ನುವುದು ನನಗೆ ಬೇಜಾರು.

ಮೊಬೈಲನ್ನು ಯುಎಸ್‌ಬಿಗೆ ಸಿಕ್ಕಿಸಿದರೆ ನೆಟ್ ಬಂತು. ಮಾಮೂಲಿ ಪರದೆಯನ್ನು ತರುವ ಉಬುಂಟು ಡೆಸ್ಕ್‌ಟಾಪ್ ಪ್ಯಾಕೇಜನ್ನು ಮತ್ತೆ ಹಾಕಲು ಹೇಳಿದೆ, ಹೈಫನ್ ವೈ ಇಲ್ಲದೇ. ಪಟ್ಟಿ ಬಂತು, ಅವನ ಹತ್ತಿರವೇ ಗಟ್ಟಿಯಾಗಿ ಓದಿಸಿದೆ. ಅರ್ಧಕ್ಕೆ ಬಂದಾಗ, "ಅಯ್ಯೋ, ಇದೆಲ್ಲ ಹೋಗಿತ್ತಾ?" ಅಂದ. ಕೊನೆಯವರೆಗೆ ಓದಿ, ತಾನೇ ವೈ ಒತ್ತಿದ. ಪ್ರಾಜೆಕ್ಟಿಗೆ ಏನೂ ಆಗಿರಲಿಲ್ಲ, ಹೋಮ್ ಫೋಲ್ಡರಿಗೆ ಆಪ್ಟ್ ಕೈ ಹಾಕುವುದಿಲ್ಲ. ಜಾಗಕ್ಕೆ ಆಪ್ಟ್ ಕ್ಲೀನ್ ಕೊಟ್ಟು ಡೌನ್‌ಲೋಡ್ ಆಗಿ ಉಳಿದ ಫೈಲುಗಳನ್ನು ತೆಗೆಸಿದೆ. ತೆಗೆಯುವ ಮೊದಲು ಆಜ್ಞೆಗೆ ಹೈಫನ್ ಎಸ್ (-s) ಹಾಕಿದರೆ ಏನಾಗುತ್ತದೆ ಎಂದು ಸುಮ್ನೆ ತೋರಿಸುತ್ತದೆ, ನಿಜವಾಗಿ ಏನನ್ನೂ ಮುಟ್ಟುವುದಿಲ್ಲ ಎಂದೂ ಹೇಳಿಕೊಟ್ಟೆ. ಅದನ್ನು ನೋಟ್ಸಿನ ಅಂಚಿನಲ್ಲಿ ಬರೆದುಕೊಂಡ.

ಸೋಮವಾರ ಕಾಲೇಜಿನಲ್ಲಿ ಸರ್ ಹತ್ತಿರ ಕೇಳುತ್ತಾನಂತೆ, ಎಲ್ಲ ಸಾಲಿಗೂ ಹೈಫನ್ ವೈ ಯಾಕೆ ಅಂತ. ಕೇಳಲಿ. ಅವರು ಬೈದರೆ ನಾನೇ ಹೋಗಿ ಮಾತಾಡುತ್ತೇನೆ.