ಅಂಟದ ಹಿಮ, ಆರು ಮೂಲೆಯ ಚುಕ್ಕಿ

ಚಿಕ್ಕ ಮಕ್ಕಳನ್ನು ಹಿಮದಲ್ಲಿ ಆಡಿಸುವುದೆಂದರೆ ಮುಕ್ಕಾಲು ಪಾಲು ಕೆಲಸ ಹೊಸ್ತಿಲ ಒಳಗೇ ಇರುತ್ತದೆ. ಮೊದಲು ಇಬ್ಬರನ್ನೂ ಬಚ್ಚಲಿಗೆ ಕಳಿಸಬೇಕು. ಆಮೇಲೆ ಮೈಗೆ ಅಂಟಿಕೊಳ್ಳುವ ಒಳಂಗಿ, ಅದರ ಮೇಲೆ ಉಣ್ಣೆಯ ಅಂಗಿ, ಎಲ್ಲಕ್ಕೂ ಹೊರಗೆ ನೀರು ಒಳಬಿಡದ ಸ್ನೋಸೂಟ್. ಹತ್ತಿಯ ಬಟ್ಟೆ ಒಳಗೆ ಬೇಡ, ಬೆವರು ಹೀರಿಕೊಂಡು ಹಸಿಯಾಗಿಯೇ ಉಳಿದು ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಆರು ವರ್ಷದ ಮಗಳು ಇದನ್ನೆಲ್ಲ ತಾನೇ ಹಾಕಿಕೊಳ್ಳುತ್ತಾಳೆ, ಜಿಪ್ ಒಂದನ್ನು ಬಿಟ್ಟು. ಎರಡೂವರೆ ವರ್ಷದ ಮಗನದ್ದು ಬೇರೆಯೇ ಕಥೆ. ದಿಂಬಿಗೆ ಗವಸು ಹಾಕುವುದಾದರೂ ಸುಲಭ, ದಿಂಬು ಒದೆಯುವುದಿಲ್ಲ.

ಎಲ್ಲಕ್ಕಿಂತ ಕಷ್ಟ ಹೆಬ್ಬೆರಳು. ಐದು ಬೆರಳಿನ ಗ್ಲೌಸಿಗಿಂತ ಮಿಟ್ಟನ್ ಬೆಚ್ಚಗೆ, ನಾಲ್ಕು ಬೆರಳೂ ಒಂದೇ ಕೋಣೆಯಲ್ಲಿ ಒತ್ತಾಗಿ ಕೂತಿರುತ್ತವಲ್ಲ. ಆದರೆ ಹೆಬ್ಬೆರಳಿಗೆ ಪ್ರತ್ಯೇಕ ಕೋಣೆ ಇದೆ ಎನ್ನುವುದನ್ನು ನನ್ನ ಮಗ ಇವತ್ತಿನವರೆಗೂ ಒಪ್ಪಿಲ್ಲ. ನಾನು ಹೊರಗಿನಿಂದ ಹಿಸುಕಿ ಹಿಸುಕಿ ಹುಡುಕುತ್ತೇನೆ, ಅವನು ಒಳಗೆ ಮುಷ್ಟಿ ಕಟ್ಟಿಕೊಂಡು ನಗುತ್ತಾನೆ. ಕೊನೆಗೆ ಸೋಲುವುದು ನಾನೇ. ಖಾಲಿ ಹೆಬ್ಬೆರಳು ಜೋತಾಡಿಸಿಕೊಂಡೇ ಅವನು ಹೊರಗೆ ಹೊರಟ.

ಅವತ್ತು ಬೆಳಿಗ್ಗೆ ಥರ್ಮಾಮೀಟರ್ ಮೈನಸ್ 12 ಡಿಗ್ರಿ ತೋರಿಸುತ್ತಿತ್ತು. ರಾತ್ರಿಯಿಡೀ ಬಿದ್ದ ಹಿಮ ಮಗನ ಮೊಣಕಾಲಿನವರೆಗೆ ಬರುತ್ತಿತ್ತು. ಮಗಳದ್ದು ಮೊದಲೇ ತಯಾರಾದ ಯೋಜನೆ: ಸ್ನೋಮ್ಯಾನ್, ಅವನಿಗೊಂದು ಹೆಂಡತಿ, ಆಮೇಲೆ ನಾಯಿ. ಒಂದು ಹಿಡಿ ಎತ್ತಿ ಒತ್ತಿದಳು. ಮುಷ್ಟಿ ಬಿಚ್ಚಿದರೆ ಪುಡಿಪುಡಿಯಾಗಿ ಸುರಿದುಹೋಯಿತು. ಇನ್ನೊಂದು ಹಿಡಿಯ ಗತಿಯೂ ಅದೇ. "ಅಪ್ಪಾ, ಈ ಹಿಮ ಕೆಟ್ಟುಹೋಗಿದೆ" ಎಂದಳು.

ಹಿಮ ಕೆಟ್ಟಿರಲಿಲ್ಲ, ಚಳಿ ಹೆಚ್ಚಾಗಿತ್ತು. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಹಿಮದ ಕಣಗಳ ನಡುವೆ ಒಂದಿಷ್ಟು ನೀರಿನ ಪಸೆ ಇರುತ್ತದೆ. ಒತ್ತಿದಾಗ ಅದೇ ಕಣಗಳನ್ನು ಹಿಡಿದುಕೊಂಡು ಅಲ್ಲಲ್ಲೇ ಹೆಪ್ಪುಗಟ್ಟಿ ಬೆಸುಗೆಯಾಗುತ್ತದೆ. ಇಷ್ಟು ಚಳಿಯಲ್ಲಿ ಆ ಪಸೆ ಎಲ್ಲಿಂದ ಬರಬೇಕು? ಇದನ್ನು ಆರು ವರ್ಷದವಳಿಗೆ ಹೇಳುವುದು ಹೇಗೆ ಎಂದು ಯೋಚಿಸಿ, "ಹಿಮಕ್ಕೂ ಚಳಿಯಾಗಿದೆ, ಬೆಚ್ಚಗಾಗುವ ತನಕ ಅಂಟುವುದಿಲ್ಲ" ಎಂದೆ. ಅವಳು ಒಂದು ಕ್ಷಣ ಯೋಚಿಸಿ, ಹಿಮದ ಗುಡ್ಡೆ ಮಾಡಿ ಅದರ ಮೇಲೆ ಕೂತುಬಿಟ್ಟಳು. ಕಾವು ಕೊಡುತ್ತಿದ್ದಾಳಂತೆ! ಸ್ನೋಸೂಟ್ ಇರುವುದೇ ಬಿಸಿ ಹೊರಗೆ ಹೋಗದ ಹಾಗೆ ತಡೆಯಲಿಕ್ಕೆ ಎಂದು ಹೇಳುವ ಮನಸ್ಸಾಗಲಿಲ್ಲ.

ಇತ್ತ ಮಗ ನಾಲ್ಕು ಹೆಜ್ಜೆ ಹಾಕಿ ನಿಂತಿದ್ದ. ಕಾಲಡಿಯಲ್ಲಿ ಏನೋ ಕಿರುಗುಟ್ಟಿತ್ತು. ಕಾಲೆತ್ತಿ ನೋಡಿದ, ಏನೂ ಇಲ್ಲ. ಮತ್ತೆ ಇಟ್ಟ, ಮತ್ತೆ ಕಿರ್ ಎಂದಿತು. ಚಳಿ ಜೋರಾದಾಗ ಹಿಮದ ಕಣಗಳು ತೂಕಕ್ಕೆ ಕರಗಿ ಜಾರುವುದಿಲ್ಲ, ಮುರಿದು ಒಂದಕ್ಕೊಂದು ಉಜ್ಜುತ್ತವೆ. ಅದೇ ಆ ಸದ್ದು. ಅಕ್ಕನ ಸ್ನೋಮ್ಯಾನನ್ನು ಕೆಡಿಸಿದ ಚಳಿಯೇ ತಮ್ಮನಿಗೆ ವಾದ್ಯ ಕೊಟ್ಟಿತ್ತು. ಅವನು ಮುಂದೆ ಹೋಗಲೇ ಇಲ್ಲ. ನಿಂತಲ್ಲೇ ಕಾಲು ಕುಟ್ಟುತ್ತ, ಪ್ರತಿ ಸದ್ದಿಗೂ ನನ್ನ ಮುಖ ನೋಡುತ್ತ ಬಹಳ ಹೊತ್ತು ಕಳೆದ. ನಾನು ಹೊತ್ತು ತಂದ ಸ್ಲೆಡ್, ಹಿಮದ ಮೇಲೆ ಕೂತು ಜಾರುವ ಬಂಡಿ, ಮೂಲೆಯಲ್ಲಿ ಬಿದ್ದಿತ್ತು. ಇಂಥ ಆಟದ ಸಾಮಾನುಗಳನ್ನು ನಾವು ಕೊಳ್ಳುವುದು ಮಕ್ಕಳಿಗಿಂತ ಹೆಚ್ಚಾಗಿ ನಮ್ಮ ಸಮಾಧಾನಕ್ಕೆ ಎಂಬ ಗುಮಾನಿ ನನಗೆ ಮೊದಲಿನಿಂದಲೂ ಇದೆ.

ಅಷ್ಟರಲ್ಲಿ ಮತ್ತೆ ಹಿಮ ಬೀಳತೊಡಗಿತು. ನನ್ನ ಜಾಕೆಟ್ಟಿನ ತೋಳು ಕಡು ನೀಲಿ. ಅದರ ಮೇಲೆ ಕೂತ ಚುಕ್ಕಿಗಳು ಕರಗದೆ ಹಾಗೇ ಉಳಿದವು. ಮಗಳನ್ನು ಕರೆದು ತೋರಿಸಿದೆ. ಒಂದು ಚುಕ್ಕಿಗೆ ಆರು ಕೊಂಬೆ, ಕೊಂಬೆಗೆ ಮತ್ತೆ ಎಳೆಎಳೆ ಕವಲು, ನಡುವೆ ಗಾಜಿನ ಚೂರಿನಷ್ಟು ಸಣ್ಣ ಬಿಲ್ಲೆ. ಪಕ್ಕದ್ದರಲ್ಲಿ ಒಂದು ಕೊಂಬೆ ಮುರಿದಿತ್ತು. "ಎಲ್ಲದಕ್ಕೂ ಆರೇ ಯಾಕೆ?" ಎಂದು ಕೇಳಿದಳು. 1611ರಲ್ಲಿ ಯೋಹಾನ್ಸ್ ಕೆಪ್ಲರ್ ತನ್ನ ಕೋಟಿನ ಮೇಲೆ ಬಿದ್ದ ಹಿಮ ನೋಡಿ ತಲೆಕೆಡಿಸಿಕೊಂಡದ್ದೂ ಇದೇ ಪ್ರಶ್ನೆಗೆ. ಗ್ರಹಗಳ ದಾರಿ ಕಂಡುಹಿಡಿದ ಮನುಷ್ಯನಿಗೆ ಪೂರ್ತಿ ಉತ್ತರ ಸಿಗಲಿಲ್ಲ. ನೀರಿನ ಅಣುಗಳು ಮಂಜುಗಡ್ಡೆಯಾಗುವಾಗ ಆರು ಮೂಲೆಯ ಜಾಲವಾಗಿ ಕೂಡಿಕೊಳ್ಳುತ್ತವೆ ಎಂದು ತಿಳಿದದ್ದು ಎಷ್ಟೋ ಕಾಲದ ನಂತರ. "ನೀರಿನ ಕಣಗಳು ಕೈಕೈ ಹಿಡಿದುಕೊಳ್ಳುವ ಪದ್ಧತಿಯೇ ಹಾಗೆ" ಎಂದೆ. ಕೆಪ್ಲರನಿಗಿಂತ ಬೇಗ ಅವಳಿಗೆ ಸಮಾಧಾನವಾಯಿತು.

ನೋಡಬೇಕಾದರೆ ಉಸಿರು ಬಿಗಿಹಿಡಿಯಬೇಕು, ಇಲ್ಲದಿದ್ದರೆ ಚುಕ್ಕಿ ನೀರಾಗುತ್ತದೆ. ಅಮೆರಿಕದ ವರ್ಮಾಂಟ್‌ನ ರೈತ ವಿಲ್ಸನ್ ಬೆಂಟ್ಲಿ 1885ರಲ್ಲಿ ಮೈಕ್ರೋಸ್ಕೋಪಿಗೆ ಕ್ಯಾಮೆರಾ ಜೋಡಿಸಿ ಹಿಮದ ಹರಳಿನ ಫೋಟೊ ತೆಗೆದ, ಬದುಕಿಡೀ ಹೀಗೆ 5,000ಕ್ಕೂ ಹೆಚ್ಚು ಫೋಟೊ ತೆಗೆದ ಎಂದು ಹೇಳಿದೆ. ಮಗಳು ಕೆನ್ನೆ ಉಬ್ಬಿಸಿಕೊಂಡು ಬಗ್ಗಿದಳು. ಅಕ್ಕ ಏನು ನೋಡುತ್ತಿದ್ದಾಳೆಂದು ಬಂದ ತಮ್ಮ, ತೋಳಿನ ಹತ್ತಿರ ಮುಖ ತಂದು ಜೋರಾಗಿ ಉಫ್ ಎಂದ. ಒಂದೂ ಉಳಿಯಲಿಲ್ಲ.

ಅಳು, ಜಗಳ, ಸಮಾಧಾನ. ಅದನ್ನೆಲ್ಲ ವಿವರವಾಗಿ ಬರೆಯುವುದು ಬೇಡ.

ಆಮೇಲೆ ಸಲಿಕೆ ಹಿಡಿದು ಮೂವರೂ ಹಿಮವನ್ನು ಒಂದೇ ಕಡೆ ರಾಶಿ ಹಾಕಿದೆವು. ನನ್ನದು ಸಲಿಕೆ, ಮಗಳದ್ದು ಬಕೆಟ್, ಮಗನದ್ದು ಅಡುಗೆಮನೆಯಿಂದ ಕದ್ದು ತಂದ ಚಮಚ. ಒಂದು ಚಮಚ ರಾಶಿಗೆ, ಒಂದು ಚಮಚ ಬಾಯಿಗೆ. ಮೇಲಿನ ಹೊಸ ಬಿಳಿ ಪದರವನ್ನು ಚೂರು ನೆಕ್ಕಿದರೆ ನಾನು ನೋಡದವನಂತೆ ಇರುತ್ತೇನೆ. ರಸ್ತೆ ಬದಿಗೆ ಯಂತ್ರ ತಳ್ಳಿದ, ಉಪ್ಪು-ಕೊಳೆ ಬೆರೆತದ್ದಕ್ಕೆ ಕೈ ಹಾಕಿದರೆ ಮಾತ್ರ ಗದರಿಸುತ್ತೇನೆ. ನಡುನಡುವೆ ಇಬ್ಬರ ಕತ್ತಿನ ಹಿಂದೆ ಬೆರಳಿಟ್ಟು ನೋಡುತ್ತಿದ್ದೆ, ಅಲ್ಲಿ ಬೆಚ್ಚಗಿದ್ದರೆ ಮೈ ಬೆಚ್ಚಗಿದೆ ಎಂದರ್ಥ. ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡದಾದ್ದರಿಂದ ಚಿಕ್ಕವರ ಮೈ ನಮಗಿಂತ ಬೇಗ ತಣ್ಣಗಾಗುತ್ತದೆ. ಆಟದ ಮತ್ತಿನಲ್ಲಿ ಅವರು ಹೇಳುವುದೂ ಇಲ್ಲ. ಮೂಗು, ಕಿವಿ, ಬೆರಳ ತುದಿ ಬಿಳಚಿಕೊಂಡು ಮರಗಟ್ಟಿದರೆ ಉಜ್ಜಬಾರದು, ಒಳಗೆ ಕರೆತಂದು ಉಗುರು ಬೆಚ್ಚಗಿನ ನೀರಿನಲ್ಲಿ ಕಾವು ಬರಿಸಬೇಕು. ಮಗನ ಕತ್ತು ಬೆಚ್ಚಗೇ ಇತ್ತು, ಆದರೆ ಒಂದು ಮಿಟ್ಟನ್ ಮಾಯವಾಗಿ ಕೈ ಕೆಂಪಾಗಿತ್ತು. ರಾಶಿಯನ್ನು ಅಲ್ಲೇ ಬಿಟ್ಟು ಒಳಗೆ ಬಂದೆವು. ಬಟ್ಟೆಯ ಮೇಲಿನ ಹಿಮ ಕೊಡವಿದರೆ ಪೂರ್ತಿ ಉದುರಿಹೋಯಿತು. ಅಂಟದ ಹಿಮದ ಇನ್ನೊಂದು ಉಪಕಾರ ಇದು.

ಮಧ್ಯಾಹ್ನದ ನಿದ್ದೆ ಮುಗಿಸಿ ಮತ್ತೆ ಹೊರಟಾಗ ರಾಶಿ ಗಟ್ಟಿಯಾಗಿತ್ತು. ಕದಡಿ ರಾಶಿ ಹಾಕಿದ ಹಿಮವನ್ನು ಒಂದೆರಡು ತಾಸು ಮುಟ್ಟದೆ ಬಿಟ್ಟರೆ, ನೀರಿಲ್ಲದೆಯೂ ಕಣಗಳು ತಾವಾಗಿ ಬೆಸೆದುಕೊಳ್ಳುತ್ತವೆ. ಹೀಗೆ ಗಟ್ಟಿಯಾದ ಗುಡ್ಡೆಯನ್ನು ಒಳಗಿನಿಂದ ಕೊರೆದು ಗೂಡು ಮಾಡಿಕೊಳ್ಳುವವರೂ ಇದ್ದಾರೆ. ಮಗಳೂ ಸುರಂಗ ತೋಡುತ್ತೇನೆಂದು ಹಟ ಹಿಡಿದಳು. ಕುಸಿದರೆ ಉಸಿರುಗಟ್ಟಿಸುವ ಕೆಲಸ ಅದು, ನಾನು ಬಿಡಲಿಲ್ಲ. ಮುಖ ಊದಿಸಿಕೊಂಡು ಗುಡ್ಡೆಯ ಸುತ್ತ ಒಂದು ಸುತ್ತು ಹಾಕಿದವಳು, ಒಂದು ತುದಿಯಲ್ಲಿ ಎರಡು ಕಲ್ಲು ಒತ್ತಿ, ಕೆಳಗೊಂದು ಕಡ್ಡಿ ಅಡ್ಡ ಇಟ್ಟಳು. ಸ್ನೋಮ್ಯಾನ್ ಮಲಗಿದ್ದಾನಂತೆ, ಅದಕ್ಕೇ ಬೆಳಿಗ್ಗೆ ಎದ್ದು ನಿಲ್ಲಲಿಲ್ಲವಂತೆ. ತಮ್ಮ ಅವನ ಹೊಟ್ಟೆ ಹತ್ತಿ ಕುಣಿಯತೊಡಗಿದ. ಹೊಟ್ಟೆನೋವು ಬರುತ್ತದೆ, ಇಳಿ ಎಂದು ಅಕ್ಕ ಕಿರುಚಿದಳು. ಇಳಿದವನು ನೇರ ತಲೆಯ ಹತ್ತಿರ ಹೋಗಿ, ಆ ಕಡ್ಡಿಯ ಬಾಯಿಗೆ ಚಮಚದಲ್ಲಿ ಹಿಮ ತಿನ್ನಿಸಲು ಕೂತ.