ಕೊಟ್ಟು ಗೊತ್ತು, ಕೇಳಿ ಗೊತ್ತಿಲ್ಲ

ಯಾರ ಮನೆಯ ಮದುವೆಗೂ ಹಿಂದಿನ ದಿನವೇ ಹೋಗಿ ತರಕಾರಿ ಹೆಚ್ಚಲು ಕೂರುವವರು, ಯಾರ ಮಗುವಿನ ಫೀಸು ಕಡಿಮೆ ಬಿದ್ದರೂ ಕಿಸೆಗೆ ಕೈ ಹಾಕುವವರು, ನಮ್ಮ ಕಾಸರಗೋಡಿನ ಬದಿಯಡ್ಕದಿಂದ ಮಂಜೇಶ್ವರದ ತನಕ ಪ್ರತಿ ಊರಿನಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಅವರಿಗೇ ಕ್ಯಾನ್ಸರ್ ಎಂದೋ ಕಿಡ್ನಿ ಹೋಯಿತು ಎಂದೋ ಗೊತ್ತಾದಾಗ ಊರಿಡೀ ಹೋಗಿ ಹೇಳುವ ಮಾತು ಒಂದೇ: "ಏನು ಬೇಕಾದರೂ ಹೇಳಿ." ಅವರು ಹೇಳುವುದಿಲ್ಲ. ಕೊಟ್ಟು ಗೊತ್ತಿರುವವರಿಗೆ ಕೇಳಿ ಗೊತ್ತಿರುವುದಿಲ್ಲ. "ಸದ್ಯಕ್ಕೆ ಏನೂ ಬೇಡ" ಎನ್ನುತ್ತಾರೆ. ಅದೇ ವಾರ ಹೆಂಡತಿಯ ಬಳೆ ಗಿರವಿಗೆ ಹೋಗಿರುತ್ತದೆ.

ಹಾಗಾಗಿ ಕೇಳಬೇಡಿ, ಹೇಳಿ. "ಭಾವ, ಬುಧವಾರ ಕಾರು ನಾನು ತರುತ್ತೇನೆ, ಆರೂವರೆಗೆ ಹೊರಡುವುದು." "ಅತ್ತಿಗೆ, ಮಂಗಳವಾರ ರಾತ್ರಿಯ ಊಟ ನಮ್ಮ ಮನೆಯಿಂದ ಬರುತ್ತದೆ, ಒಲೆ ಹಚ್ಚಬೇಡಿ." ದಿನ, ಹೊತ್ತು, ಕೆಲಸ ಮೂರೂ ಇರುವ ಮಾತಿಗೆ ಬೇಡ ಎನ್ನುವುದು ಕಷ್ಟ.

ಜವಾಬ್ದಾರಿಯನ್ನು ಮೂವರಿಗೆ ಹಂಚಿ: ಆಸ್ಪತ್ರೆಯ ಕಾಗದ ಒಬ್ಬರಿಗೆ, ಹಣದ ಲೆಕ್ಕ ಒಬ್ಬರಿಗೆ, ತೋಟ ಮತ್ತು ಮನೆ ಒಬ್ಬರಿಗೆ. ಹತ್ತು ಜನ ಎಲ್ಲವನ್ನೂ ನೋಡಿಕೊಳ್ಳುತ್ತೇವೆ ಎಂದು ಹೊರಟರೆ ಕೊನೆಗೆ ಯಾವುದೂ ಆಗಿರುವುದಿಲ್ಲ.

ಕಾಗದದವರಿಗೆ ಬೇಕಾದದ್ದು ಜಿಪ್ ಇರುವ ಒಂದು ಪ್ಲಾಸ್ಟಿಕ್ ಫೈಲು. ಮೇಲಿನ ಹಾಳೆಯಲ್ಲಿ ರೋಗಿಯ ಹೆಸರು, ರಕ್ತದ ಗುಂಪು, ಯಾವ ಮದ್ದು ಒಗ್ಗುವುದಿಲ್ಲ, ಈಗ ತಿನ್ನುವ ಮಾತ್ರೆಗಳ ಹೆಸರು ಮತ್ತು ಹೊತ್ತು, ಆಸ್ಪತ್ರೆಯ ನೋಂದಣಿ ಸಂಖ್ಯೆ. ಅದರ ಕೆಳಗೆ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ತಲಾ ಐದು ಜೆರಾಕ್ಸ್. ಆಮೇಲೆ ವರದಿಗಳು, ತಾರೀಖಿನ ಕ್ರಮದಲ್ಲಿ. ಔಷಧಿ ಅಂಗಡಿಯ ನುಣುಪು ಕಾಗದದ ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಕಾರಿನ ಡ್ಯಾಶ್‌ಬೋರ್ಡಿನ ಬಿಸಿಲಿಗೆ ಇನ್ನೂ ಬೇಗ. ಆ ದಿನವೇ ಜೆರಾಕ್ಸ್ ಮಾಡಿಸಿ ಎರಡನ್ನೂ ಒಟ್ಟಿಗೆ ಪಿನ್ನು ಹಾಕಿ. ಕ್ಯಾನ್ಸರ್ ಆದರೆ ಬಯಾಪ್ಸಿಯ ವರದಿ ಮಾತ್ರ ಸಾಲದು. ಎರಡನೆಯ ಅಭಿಪ್ರಾಯಕ್ಕೆ ಹೋದಾಗ, ಪರೀಕ್ಷೆಗೆ ತೆಗೆದ ಮಾಂಸದ ಚೂರನ್ನು ಇಟ್ಟ ಮೇಣದ ಬ್ಲಾಕನ್ನೂ ಗಾಜಿನ ಸ್ಲೈಡನ್ನೂ ಕೇಳುತ್ತಾರೆ. ಪರೀಕ್ಷೆ ಮಾಡಿದ ಲ್ಯಾಬಿನಲ್ಲಿ ಬರೆದು ಕೊಟ್ಟರೆ ಅವು ಸಿಗುತ್ತವೆ. ಇಲ್ಲದಿದ್ದರೆ ಅಷ್ಟು ದೂರ ಹೋಗಿ ಬರಿಗೈಯಲ್ಲಿ ಮರಳಬೇಕಾಗುತ್ತದೆ.

ಎಲ್ಲಿ ತೋರಿಸುವುದು ಎಂಬುದಕ್ಕೆ ನಮ್ಮವರ ಉತ್ತರ ಮಂಗಳೂರು. ಕಾಸರಗೋಡಿನಿಂದ ಸುಮಾರು 50 ಕಿ.ಮೀ., ಮಾತು ಕನ್ನಡ-ತುಳು, ಪರಿಚಯದ ಡಾಕ್ಟರು. ಅದು ತಪ್ಪಲ್ಲ. ಆದರೆ ತಿಂಗಳುಗಟ್ಟಲೆ ನಡೆಯುವ ಚಿಕಿತ್ಸೆಯಾದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್, ಪರಿಯಾರದ ಮೆಡಿಕಲ್ ಕಾಲೇಜುಗಳಲ್ಲಿ ಖರ್ಚು ಎಷ್ಟಾಗುತ್ತದೆ ಎಂದು ಮೊದಲೇ ವಿಚಾರಿಸಿ. 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆಂದು ರಾಜ್ಯದ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳು ಪಟ್ಟ ಪಾಡು ಈ ಭಾಗದ ಯಾರೂ ಮರೆತಿಲ್ಲ. ರೈಲಿನಲ್ಲಿ ಹೋಗುವುದಾದರೆ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎ.ಸಿ.ಯಲ್ಲಿ ಪೂರ್ತಿ, ಜತೆಗೆ ಹೋಗುವವರಿಗೆ ಶೇ. 75 ರಿಯಾಯಿತಿ ಇದೆ. ಆಸ್ಪತ್ರೆಯಿಂದ ರೈಲ್ವೆಯ ನಮೂನೆಯಲ್ಲೇ ಸರ್ಟಿಫಿಕೇಟ್ ಬರೆಸಿಕೊಳ್ಳಬೇಕು.

ಸರಕಾರಿ ಸಹಾಯದಲ್ಲಿ ಎಡವುವುದೆಲ್ಲ ಕ್ರಮದಲ್ಲಿ. ಮೊದಲು ಹಣ ಕಟ್ಟಿ, ಆಮೇಲೆ ಯೋಜನೆ ಹುಡುಕಿದರೆ ಕಟ್ಟಿದ್ದು ಮರಳಿ ಬರುವುದಿಲ್ಲ. ದಾಖಲಾಗುವ ಮೊದಲು ಅಕ್ಷಯ ಕೇಂದ್ರದಲ್ಲೋ (ಸರಕಾರಿ ಅರ್ಜಿ ಹಾಕಿಕೊಡುವ ಕೇಂದ್ರ) ಆಸ್ಪತ್ರೆಯ ಕೌಂಟರಿನಲ್ಲೋ ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯ ಪಟ್ಟಿಯಲ್ಲಿ ಕುಟುಂಬದ ಹೆಸರಿದೆಯೇ ನೋಡಿ. ಇದ್ದರೆ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಒಳರೋಗಿ ಚಿಕಿತ್ಸೆ. ಇದು ಕೇಂದ್ರದ ಆಯುಷ್ಮಾನ್ ಜತೆ ಸೇರಿಕೊಂಡಿರುವುದರಿಂದ ಮಂಗಳೂರಿನಲ್ಲೂ ನಡೆಯುವ ಸಾಧ್ಯತೆ ಇದೆ. ಆದರೆ ಆ ಆಸ್ಪತ್ರೆ ಆ ವಿಭಾಗಕ್ಕೇ ಪಟ್ಟಿಯಲ್ಲಿರಬೇಕು, ಚಿಕಿತ್ಸೆಗೆ ಮೊದಲೇ ಒಪ್ಪಿಗೆ ಬಂದಿರಬೇಕು. ಆಯುಷ್ಮಾನ್ ಕೌಂಟರಿನಲ್ಲಿ ಕೇಳಿ, ಬಿಲ್ಲಿಂಗಿನಲ್ಲಿ ಅಲ್ಲ. 70 ತುಂಬಿದವರಿಗೆ 2024ರ ಅಕ್ಟೋಬರಿನಿಂದ ಆದಾಯ ನೋಡದೆ ಕೇಂದ್ರದ ಆಯುಷ್ಮಾನ್ ಕಾರ್ಡು ಇದೆ, ಅದು ನಿಮ್ಮ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿ. ಪಟ್ಟಿಯಲ್ಲಿ ಹೆಸರಿಲ್ಲದ, ವರ್ಷಕ್ಕೆ 3 ಲಕ್ಷದೊಳಗೆ ಆದಾಯವಿರುವ ಕುಟುಂಬಕ್ಕೆ ಕಾರುಣ್ಯ ಬೆನವಲೆಂಟ್ ಫಂಡ್‌ನಿಂದ 2 ಲಕ್ಷದವರೆಗೆ, ಕಿಡ್ನಿ ರೋಗಿಗೆ 3 ಲಕ್ಷದವರೆಗೆ ಸಿಗುತ್ತದೆ. ಮುಖ್ಯಮಂತ್ರಿಯ ಪರಿಹಾರ ನಿಧಿಗೆ ವೈದ್ಯರ ಸರ್ಟಿಫಿಕೇಟ್ ಮತ್ತು ವಿಲ್ಲೇಜ್ ಆಫೀಸಿನ ಆದಾಯ ಪತ್ರ ಹೊಸತಾಗಿರಬೇಕು. ಪ್ರಧಾನಮಂತ್ರಿ ಪರಿಹಾರ ನಿಧಿಗೆ ಆಸ್ಪತ್ರೆಯ ಅಂದಾಜು ಖರ್ಚಿನ ಮೂಲ ಪ್ರತಿ ಬೇಕು. ಆ ಹಣ ನೇರ ಆಸ್ಪತ್ರೆಗೇ ಹೋಗುತ್ತದೆ.

ಹೆಸರಿನ ವಿಷಯ ನಮ್ಮ ಗಡಿನಾಡಿನದೇ ತಾಪತ್ರಯ. ಆಧಾರಿನಲ್ಲಿ ಒಂದು ಅಕ್ಷರ, ಮಲೆಯಾಳದ ರೇಷನ್ ಕಾರ್ಡಿನಲ್ಲಿ ಇನ್ನೊಂದು, ಆಸ್ಪತ್ರೆಯಲ್ಲಿ ಮನೆಹೆಸರು ಸೇರಿಸಿ ಮತ್ತೊಂದು. ಕಂಪ್ಯೂಟರಿಗೆ ಈ ಮೂವರೂ ಬೇರೆ ಬೇರೆ. ಮೊದಲ ದಿನ ಚೀಟಿ ಮಾಡಿಸುವಾಗಲೇ ಆಧಾರಿನಲ್ಲಿರುವ ಹಾಗೆ ಅಕ್ಷರಕ್ಕೆ ಅಕ್ಷರ ಬರೆಸಿ. ಮಲೆಯಾಳ ಓದಲು ಬಾರದವರು ಅರ್ಜಿಗೆ ಹೆದರಬೇಕಿಲ್ಲ. ಇಲ್ಲಿನ ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯುವ ಹಕ್ಕು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ.

ಇನ್ನು, ಧಾರಾಳಿಗಳ ಹಣದ ಕಷ್ಟ ಬೇರೆಯವರದ್ದರ ಹಾಗಲ್ಲ. ಅವರ ಹಣ ಬ್ಯಾಂಕಿನಲ್ಲಿ ಇರುವುದಿಲ್ಲ, ಊರಿನಲ್ಲಿರುತ್ತದೆ. ಒಬ್ಬನಿಗೆ 20 ಸಾವಿರ, ಇನ್ನೊಬ್ಬನಿಗೆ ಮಗಳ ಮದುವೆಗೆ 1 ಲಕ್ಷ, ಚೀಟಿ ಇಲ್ಲ, ಸಾಕ್ಷಿ ಇಲ್ಲ. ಲೆಕ್ಕದವರು ಮನೆಯವರ ಜತೆ ಒಂದು ಸಂಜೆ ಕುಳಿತು, ಅವರ ಒಪ್ಪಿಗೆ ಪಡೆದು, ಯಾರಿಗೆ ಎಷ್ಟು, ಯಾವಾಗ ಕೊಟ್ಟದ್ದು ಎಂದು ಬರೆದುಕೊಳ್ಳಿ. "ಅವನ ಹತ್ತಿರ ಕೇಳುವುದು ಹೇಗೆ" ಎಂಬ ಮಾತು ಬಂದೇ ಬರುತ್ತದೆ. ಕೇಳುವುದು ಅವರಲ್ಲ, ನೀವು. ಸಾಲಗಾರನ ಮನೆಗೆ ಒಬ್ಬರೇ ಹೋಗಿ, ಅಂಗಡಿ ಬಾಗಿಲಲ್ಲಿ ಮಾತಾಡಬೇಡಿ. "ಇಡೀ ಆಗದಿದ್ದರೆ ಈ ತಿಂಗಳು ಐದು ಸಾವಿರ, ನೇರ ಖಾತೆಗೆ" ಎಂದು ಹೇಳಿ. ಕೈಸಾಲಕ್ಕೆ ಕಾನೂನಿನ ಅವಧಿ 3 ವರ್ಷ. ಅದು ಮುಗಿಯುವ ಮೊದಲು ಬಾಕಿ ಇಷ್ಟಿದೆ ಎಂದು ಸಹಿ ಮಾಡಿದ ಒಂದು ಚೀಟಿ ಸಿಕ್ಕಿದರೆ ಅವಧಿ ಆ ದಿನದಿಂದ ಮತ್ತೆ ಶುರುವಾಗುತ್ತದೆ. ಹೆಚ್ಚಿನವರು ಕೊಡುತ್ತಾರೆ. ಕಾಯಿಲೆಯ ಸುದ್ದಿ ಕೇಳಿದ ಮೇಲೂ ಮನೆಗೆ ಬಾರದವರು ಹೆಚ್ಚಾಗಿ ಕೊಡಲು ಬಾಕಿ ಇರುವವರೇ. ಮುಖ ತೋರಿಸಲಾಗದೆ ದೂರ ಉಳಿದಿರುತ್ತಾರೆ. ಕಂತಿಗೆ ಒಪ್ಪಿದರೆ ಅವರೂ ಬಂದು ಮಾತಾಡಿಸಿ ಹೋಗುತ್ತಾರೆ.

ಇದಕ್ಕಿಂತ ಅಪಾಯದ್ದು ಜಾಮೀನು. ಇಂಥವರು ಊರಿನ ಸೇವಾ ಸಹಕಾರಿ ಬ್ಯಾಂಕಿನಲ್ಲಿ ಮೂರ್ನಾಲ್ಕು ಜನರ ಸಾಲಕ್ಕೆ ಸಹಿ ಹಾಕಿರುತ್ತಾರೆ. ಸಾಲಗಾರ ಕಟ್ಟದಿದ್ದರೆ ಜಾಮೀನುದಾರನ ಹೊಣೆಯೂ ಅಷ್ಟೇ ಪೂರ್ತಿ. ಚಿಕಿತ್ಸೆಯ ನಡುವೆ ನೋಟೀಸು ಬಂದು ಬಿದ್ದರೆ ಮನೆ ಕುಸಿಯುತ್ತದೆ. ಬ್ಯಾಂಕಿಗೆ ಹೋಗಿ ಯಾವ ಯಾವ ಸಾಲಕ್ಕೆ ಅವರ ಸಹಿ ಇದೆ, ಯಾವುದು ಬಾಕಿ ಬಿದ್ದಿದೆ ಎಂದು ಬರೆಸಿ ತನ್ನಿ. ಬದಲಿ ಜಾಮೀನು ಕೊಡಿಸುವಂತೆ ಆ ಸಾಲಗಾರರನ್ನು ಈಗಲೇ ಒತ್ತಾಯಿಸಿ. ಅವರ ಸ್ವಂತ ಸಾಲ ಸಹಕಾರಿ ಬ್ಯಾಂಕಿನಲ್ಲಿದ್ದರೆ ರಿಸ್ಕ್ ಫಂಡ್ ಬಗ್ಗೆ ಕೇಳಿ. ಮರುಪಾವತಿಯ ಅವಧಿಯಲ್ಲಿ ಗಂಭೀರ ಕಾಯಿಲೆಗೆ ಬಿದ್ದವರಿಗೆ ಕೇರಳದ ಸಹಕಾರಿ ಅಭಿವೃದ್ಧಿ ಕ್ಷೇಮನಿಧಿ ಮಂಡಳಿಯಿಂದ ಸಹಾಯ ಸಿಗುತ್ತದೆ. ಅರ್ಜಿ ಬ್ಯಾಂಕಿನ ಮೂಲಕವೇ ಹೋಗಬೇಕು. ಕೇಳದವರಿಗೆ ಯಾರೂ ತಾವಾಗಿ ಹೇಳುವುದಿಲ್ಲ. ಖಾತೆಯನ್ನು ಗಂಡ-ಹೆಂಡತಿ ಯಾರೊಬ್ಬರಾದರೂ ನಡೆಸುವಂತೆ ಜಂಟಿ ಮಾಡಿಸಿ, ಕೈ ನಡುಗಲು ಶುರುವಾಗುವ ಮೊದಲು. ಸಹಿ ಮಾಡಲಾಗದ ಸ್ಥಿತಿ ಬಂದರೂ ಇಬ್ಬರು ಸಾಕ್ಷಿಗಳ ಎದುರು ಹೆಬ್ಬೆಟ್ಟು ಒತ್ತಿಸಿ ಹಣ ತೆಗೆಯಬಹುದು. ಒಬ್ಬ ಸಾಕ್ಷಿ ಬ್ಯಾಂಕಿನ ಅಧಿಕಾರಿಯೇ ಆಗಿರಬೇಕು.

ಊರಿನಿಂದ ಹಣ ಒಟ್ಟುಮಾಡುವಾಗ, ಮೂಗಿಗೆ ನಳಿಗೆ ಹಾಕಿ ಮಲಗಿದ ಫೋಟೊವನ್ನು ವಾಟ್ಸ್ಯಾಪಿಗೆ ಹಾಕಬೇಡಿ. ಆ ಫೋಟೊ ಅವರ ಮಗನ ಕ್ಲಾಸಿನ ಗುಂಪಿಗೂ ಹೋಗುತ್ತದೆ. ಅವರಿಂದ ಒಂದು ದಿನ ಉಪಕಾರ ಪಡೆದವರ ಪಟ್ಟಿ ಮಾಡಿ, ಒಬ್ಬೊಬ್ಬರಿಗೇ ಫೋನು ಮಾಡಿದರೆ ಸಾಕು. ಒಮ್ಮೆಗೆ ದೊಡ್ಡ ಮೊತ್ತಕ್ಕಿಂತ ತಿಂಗಳಿಗೆ 1,000ದಂತೆ ಒಂದು ವರ್ಷ ಕೊಡುವ 25 ಜನ ಸಿಕ್ಕಿದರೆ ಮದ್ದು, ಪರೀಕ್ಷೆ, ಕಾರಿನ ಖರ್ಚು ನಡೆಯುತ್ತದೆ. ಮೊದಲ ತಿಂಗಳಲ್ಲಿ ಬರುವ ಹಣ ನಾಲ್ಕನೆಯ ತಿಂಗಳಿಗೆ ಬರುವುದಿಲ್ಲ, ಕಾಯಿಲೆ ಮಾತ್ರ ಇರುತ್ತದೆ. ನೆಂಟರಲ್ಲದವರಿಂದ ವರ್ಷಕ್ಕೆ 50,000 ಮೀರಿ ಖಾತೆಗೆ ಬಂದ ಹಣ ಆದಾಯ ತೆರಿಗೆಯಲ್ಲಿ ಆದಾಯವೆಂದೇ ಲೆಕ್ಕ. ಮೊತ್ತ ದೊಡ್ಡದಾದರೆ ದಾನಿಗಳೇ ಆಸ್ಪತ್ರೆಯ ಖಾತೆಗೆ ನೇರ ಕಟ್ಟುವುದು ಒಳ್ಳೆಯದು. ಆಸ್ಪತ್ರೆಗೆ ಯು.ಪಿ.ಐ. ಮೂಲಕ ಒಮ್ಮೆಗೆ 5 ಲಕ್ಷದವರೆಗೆ ಹೋಗುತ್ತದೆ, 2 ಲಕ್ಷ ಮತ್ತು ಮೇಲ್ಪಟ್ಟು ನಗದು ತೆಗೆದುಕೊಳ್ಳುವಂತಿಲ್ಲ.

ತೋಟದ ಮಾತಿಗೆ ಬರುತ್ತೇನೆ. ಹಣ ಕೊಡುವುದಕ್ಕಿಂತ ದೊಡ್ಡ ಸಹಾಯ ಇಲ್ಲಿದೆ. ಅಡಿಕೆ ತೋಟದವರು ಮೇ ತಿಂಗಳಲ್ಲಿ ಆಸ್ಪತ್ರೆಯಲ್ಲಿದ್ದರೆ ಮದ್ದು ಬಿಡುವ, ಅಂದರೆ ಅಡಿಕೆ ಗೊನೆಗೆ ತುತ್ತು-ಸುಣ್ಣ ಸಿಂಪಡಿಸುವ ಕೆಲಸ ತಪ್ಪುತ್ತದೆ. ತಪ್ಪಿದರೆ ಆಟಿಯ (ಜುಲೈ-ಆಗಸ್ಟ್) ಮಳೆಗೆ ಕೊಳೆರೋಗ ಬಂದು ಎಳೆಕಾಯಿ ಉದುರಿ ವರ್ಷದ ಬೆಳೆಯೇ ಹೋಗುತ್ತದೆ. ಮದ್ದು ಬಿಡುವವರನ್ನು ಏಪ್ರಿಲಿನಲ್ಲೇ ಹೇಳಿ ಇಡಿ. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಬಿಸಿಲು ಕಂಡಾಗ ಇನ್ನೊಂದು ಸಲ. 100 ಲೀಟರಿಗೆ 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತಲಾ 50 ಲೀಟರ್ ನೀರಿಗೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ತೊಳೆದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ. ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಕಲಸಿದ್ದನ್ನು ಅದೇ ದಿನ ಮುಗಿಸಿ, ಉಳಿಸಿದರೆ ಗುಣ ಹೋಗುತ್ತದೆ. ಕೊಯ್ಲಿನ ಹೊತ್ತಿಗೆ ಅಂಗಳದ ಅಡಿಕೆಗೆ ಟರ್ಪಾಲು ಮುಚ್ಚುವವರು ಬೇಕು. ಹಣದ ಗಡಿಬಿಡಿಯಲ್ಲಿ ಹಳೆ ಅಡಿಕೆಯನ್ನು ಸಿಕ್ಕ ಬೆಲೆಗೆ ಕೊಟ್ಟುಬಿಡದಂತೆ ಮೂರು ಕಡೆ ದರ ಕೇಳಿ.

ಕಾಣಲು ಹೋಗುವವರಿಗೆ ಒಂದು ಮಾತು, ಜೀವಕ್ಕೆ ಸಂಬಂಧಿಸಿದ್ದು. ಡಯಾಲಿಸಿಸ್‌ನವರ ಮನೆಗೆ ಪ್ರೀತಿಯಿಂದ ಬೊಂಡ (ಎಳನೀರು) ಕೊಯ್ದುಕೊಂಡು ಹೋಗಬೇಡಿ. ಬೊಂಡದಲ್ಲೂ ಬಾಳೆಹಣ್ಣಿನಲ್ಲೂ ಪೊಟ್ಯಾಷಿಯಂ ಹೆಚ್ಚು, ಕಿಡ್ನಿ ಅದನ್ನು ಹೊರಹಾಕದಿದ್ದರೆ ಹೃದಯ ನಿಲ್ಲಬಹುದು. ದಾರೆಹುಳಿ (ನಕ್ಷತ್ರ ಹಣ್ಣು), ಬಿಂಬುಳಿ ಅವರಿಗೆ ವಿಷವೇ. ಗಂಜಿಯ ತೆಳಿ, ಮಜ್ಜಿಗೆ, ಸಾರು ಎಲ್ಲವೂ ದಿನದ ನೀರಿನ ಲೆಕ್ಕಕ್ಕೆ ಸೇರುತ್ತವೆ. ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿದ, ಅಂದರೆ ಫಿಸ್ಟುಲಾ ಮಾಡಿದ ಕೈಯಿಂದ ರಕ್ತ ತೆಗೆಯಲು, ಬಿ.ಪಿ. ನೋಡಲು ಬಿಡಬೇಡಿ. ಕೀಮೋ ಆದವರಿಗೆ ಒಂದರಿಂದ ಎರಡು ವಾರದ ನಡುವೆ ಬಿಳಿರಕ್ತಕಣ ಇಳಿಯುತ್ತದೆ. ಆಗ ಶೀತ ಇರುವವರು ಮನೆಯ ಗೇಟು ದಾಟಬಾರದು. ಜ್ವರ 100.4 ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನ ತನಕ ಕಾಯುವುದಲ್ಲ, ರಾತ್ರಿ ಎರಡಾದರೂ ಕಾರು ಹೊರಡಬೇಕು. ಆ ಕಾರು ಯಾರದ್ದು ಎಂದು ಮೊದಲೇ ನಿಶ್ಚಯವಾಗಿರಲಿ. ರಕ್ತ ಕೊಡುವವರು ಒಂದೇ ದಿನ ಹದಿನೈದು ಜನ ಹೋಗಬೇಡಿ. ಪ್ಲೇಟ್‌ಲೆಟ್ 5 ದಿನ ಮಾತ್ರ ಇರುತ್ತದೆ, ಗಂಡಸರು ಮತ್ತೆ ರಕ್ತ ಕೊಡಲು 3 ತಿಂಗಳು ಕಾಯಬೇಕು. ಫೋನ್ ನಂಬರಿನ ಪಟ್ಟಿ ಇಟ್ಟು ಇಬ್ಬಿಬ್ಬರನ್ನು ಕಳಿಸಿ.

ಹಾಸಿಗೆ ಹಿಡಿದರೆ ಪಂಚಾಯತಿನ ಪ್ಯಾಲಿಯೇಟಿವ್ (ನೋವು ಕಡಿಮೆ ಮಾಡುವ ಆರೈಕೆಯ) ನರ್ಸನ್ನು ಕರೆಸಿ. ಕೇರಳ 2008ರಲ್ಲೇ ಇದಕ್ಕೆ ನೀತಿ ರೂಪಿಸಿದ ರಾಜ್ಯ. ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿದರೆ ಮನೆಗೇ ಬಂದು ಗಾಯ ತೊಳೆದು, ಮೂತ್ರದ ಟ್ಯೂಬು ಬದಲಿಸಿ ಹೋಗುತ್ತಾರೆ. ಇದು ಸಾಯುವವರಿಗೆ ಮಾತ್ರ ಎಂದು ಹೆದರಿ ತಡಮಾಡುವುದರಿಂದ ನೋವು ತಿನ್ನುವವರು ಬಹಳ. ಹಾಗೆಯೇ ಅವರ ಹೆಂಡತಿಗೆ ವಾರದಲ್ಲಿ ಒಂದು ರಾತ್ರಿ ಪೂರ್ತಿ ನಿದ್ದೆ ಸಿಗುವಂತೆ ಆಸ್ಪತ್ರೆಯ ಕುರ್ಚಿಯಲ್ಲಿ ಬೇರೆ ಯಾರಾದರೂ ಕೂರಬೇಕು.

ಅವರು ಆಗಲೂ ಕೊಡಲು ನೋಡುತ್ತಾರೆ. ನೀವು ಹೊರಡುವಾಗ ಅಂಗಳದ ಬಸಳೆಯ ಕಟ್ಟೊಂದನ್ನು ಕಾರಿಗೆ ಇಡಿಸುತ್ತಾರೆ. ಬೇಡ ಎನ್ನಬೇಡಿ, ತೆಗೆದುಕೊಂಡು ಹೋಗಿ ಸಾಂಬಾರು ಮಾಡಿ, ಮರುದಿನ ಫೋನು ಮಾಡಿ ರುಚಿಯಾಗಿತ್ತು ಎಂದು ಹೇಳಿ.

ಲೆಕ್ಕದ ಪುಸ್ತಕವನ್ನು ತಿಂಗಳಿಗೊಮ್ಮೆ ಅವರಿಗೇ ತೋರಿಸಿ, ಉಳಿದದ್ದು ಎಷ್ಟು ಎಂದು ಅವರ ಕೈಯಿಂದಲೇ ಬರೆಸಿ. ಚಿಕಿತ್ಸೆ ಮುಗಿಯಿತು ಎಂದು ಪುಸ್ತಕ ಮುಚ್ಚಬೇಡಿ, ತಪಾಸಣೆ ವರ್ಷಗಟ್ಟಲೆ ಇರುತ್ತದೆ. ಕೊನೆಯ ಪುಟದಲ್ಲಿ ಮುಂದಿನ ತಪಾಸಣೆಯ ತಾರೀಖು ಬರೆಯಿರಿ, ಅದರ ಪಕ್ಕದಲ್ಲಿ ಆ ದಿನ ಕಾರು ತರುವವರ ಹೆಸರು.