ಬಿಸಿಯಾದರೆ ಬರೀ ‘ಟಕ್’

ಮುಂಜಾನೆ ಕಾರು ಒಂದೇ ಕೀಲಿಗೆ ಸ್ಟಾರ್ಟ್. ಸಂಜೆ ಆಫೀಸಿನಿಂದ ಬರುವಾಗ ಮಸ್ಕತ್ತಿನ ರೂವಿ ಬಡಾವಣೆಯ ಅಂಗಡಿ ಮುಂದೆ ನಿಲ್ಲಿಸಿ, ಹಾಲು ಮೊಸರು ತಗೊಂಡು ಕಾಲು ಗಂಟೆಗೆ ತಿರುಗಿ ಬಂದು ಕೀಲಿ ತಿರುವಿದರೆ ‘ಟಕ್’. ಇನ್ನೊಮ್ಮೆ ತಿರುವಿದರೆ ಇನ್ನೊಂದು ‘ಟಕ್’. ಪಾರ್ಕಿಂಗ್ ಜಾಗಕ್ಕೆ ಕಾಯುವವರು ಹಿಂದಿನಿಂದ ಹಾರ್ನ್ ಹೊಡೆಯುತ್ತಾರೆ, ಚೀಲದಲ್ಲಿ ಹಾಲು ಬೆಚ್ಚಗಾಗುತ್ತದೆ. ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಅದೇ ಗಾಡಿ ಏನೂ ಅರಿಯದವರ ಹಾಗೆ ಸ್ಟಾರ್ಟ್ ಆಗುತ್ತದೆ.

ಮಸ್ಕತ್ತಿಗೆ ಬಂದು ಮೂರನೇ ಬೇಸಿಗೆ ಇದು. ಬಿಸಿಲನ್ನು ಕಲಬುರಗಿಯವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇ ತಿಂಗಳಲ್ಲಿ 43, 44 ಡಿಗ್ರಿ ನೋಡಿಯೇ ಬೆಳೆದವರು ನಾವು. ಆದರೆ ಇಲ್ಲಿ ಸಮುದ್ರದ ಸೆಕೆಯೂ ಸೇರುತ್ತದೆ, ರಾತ್ರಿ ಹತ್ತಕ್ಕೂ ಬಾನೆಟ್ ಮೇಲೆ ಕೈ ಇಡಲಾಗುವುದಿಲ್ಲ. ನನ್ನದು ಯಾರೋ ಬಳಸಿ ಬಿಟ್ಟ ಹಳೇ ಜಪಾನಿ ಸೆಡಾನ್. ಗ್ಯಾರೇಜಿನವರು ಮೊದಲು ಬ್ಯಾಟರಿ ಬದಲಿಸಿದರು. ಹತ್ತು ದಿನ ಚೆನ್ನಾಗಿತ್ತು. ಆಮೇಲೆ ಎಸಿ, ಹೆಡ್‌ಲೈಟ್ ಎರಡೂ ಹಾಕಿದರೆ ಲೈಟ್ ಮಂಕಾಗುತ್ತದೆ ಎಂದೆ, ಬ್ಯಾಟರಿ ಚಾರ್ಜ್ ಮಾಡುವ ಡೈನಮೋ (ಆಲ್ಟರ್ನೇಟರ್) ಬದಲಿಸಿದರು. ಎರಡಕ್ಕೂ ಸೇರಿ 60 ರಿಯಾಲ್. ಒಂದು ರಿಯಾಲಿಗೆ 200 ರೂಪಾಯಿಗೂ ಮೇಲೆ ಎಂದು ಲೆಕ್ಕ ಹಾಕಿಕೊಳ್ಳಿ. ‘ಟಕ್’ ಮಾತ್ರ ಹಾಗೇ ಇತ್ತು.

ಕಡೆಗೆ ಮಾಮಾಗೆ ಫೋನ್ ಹಚ್ಚಿದೆ. ಹುಮನಾಬಾದ್ ರಸ್ತೆಯಲ್ಲಿ, ಕಪನೂರು ಕೈಗಾರಿಕಾ ಪ್ರದೇಶದ ಹತ್ತಿರ ಮಾಮಾನ ಆಟೋ ಎಲೆಕ್ಟ್ರಿಕ್ ಅಂಗಡಿ. ದಾಲ್ ಮಿಲ್ಲಿಗೆ ತೊಗರಿ ತರುವ ಲಾರಿ, ಶಹಾಬಾದ್ ಕಲ್ಲು ಹೇರುವ ಲಾರಿ, ಎಲ್ಲದರ ವೈರಿಂಗೂ ಅವರ ಕೈಯಾಗೇ. ಶಾಲೆ ರಜೆಯಲ್ಲಿ ಅಲ್ಲಿ ಪಾನಾ ಎತ್ತಿಕೊಡುವ ಕೆಲಸ ನನ್ನದಾಗಿತ್ತು. ಬಿಸಿಲಿಗೆ ಪೆಟ್ರೋಲ್ ಆವಿಯಾಗಿ ಅಂಬಾಸಿಡರ್ ನಿಂತರೆ ಪೆಟ್ರೋಲ್ ಪಂಪಿನ ಮೇಲೆ ಹಸಿ ಬಟ್ಟೆ ಹಾಕುವುದನ್ನು ನೋಡಿದ್ದೆ. ಅದೇ ಇದಿರಬೇಕೆಂದು ಹೇಳಿಯೂ ಬಿಟ್ಟೆ.

“ಸೆಲ್ಫ್, ಅಂದ್ರ ಇಂಜಿನ್ ತಿರುವೋ ಮೋಟಾರ್, ತಿರುಗ್ತದೋ ಇಲ್ಲೋ? ಮದ್ಲ ಅದು ಹೇಳು.”

“ಇಲ್ರಿ ಮಾಮಾ, ಬರೀ ಟಕ್ ಅಂತದ.”

“ಮತ್ತ ಪೆಟ್ರೋಲಿನ ಸುದ್ದಿ ಯಾಕ ತಗೀತಿ? ಸೆಲ್ಫ್ ಗರಗರ ತಿರುಗಿ ಇಂಜಿನ್ ಹತ್ತಲಿಲ್ಲಂದ್ರ ಪೆಟ್ರೋಲ್ ನೋಡು, ಸೆನ್ಸಾರ್ ನೋಡು. ಸೆಲ್ಫೇ ತಿರುಗಲಿಲ್ಲಂದ್ರ ಕರೆಂಟ್ ಮುಟ್ಟವಲ್ದು. ಮೀಟರ್ ಅದ ಏನು ನಿನ್ ಹತ್ತಿರ?”

ಇರಲಿಲ್ಲ. 4 ರಿಯಾಲ್ ಕೊಟ್ಟು ಮಲ್ಟಿಮೀಟರ್ ತಂದೆ. ಶುಕ್ರವಾರ ನಮಗೆ ರಜೆ. ಇಲ್ಲಿ ಮಧ್ಯಾಹ್ನ ಮೂರೂವರೆ, ಅಲ್ಲಿ ಸಂಜೆ ಐದು. ಬೇಕಂತಲೇ ಅರ್ಧ ಗಂಟೆ ಗಾಡಿ ಓಡಿಸಿ, ಬಿಸಿ ಮಾಡಿ ತಂದು ವಿಡಿಯೋ ಕಾಲ್ ಹಚ್ಚಿದೆ. ಮಾಮಾ ಅಂಗಡಿ ಮುಂದಿನ ಬೇವಿನ ಗಿಡದ ಕೆಳಗೆ ಕುಳಿತಿದ್ದರು.

ಮುಂಜಾನೆ ಇಂಜಿನ್ ತಣ್ಣಗಿದ್ದಾಗ ಬ್ಯಾಟರಿ 12.5 ವೋಲ್ಟ್ ತೋರಿಸಿತ್ತು. ಪೂರ್ತಿ ಚಾರ್ಜ್ ಆದದ್ದು 12.6ರ ಮೇಲಿರಬೇಕು. ಇಂಜಿನ್ ಓಡುವಾಗ 13.9. ‘ಛಲೋ ಅದಲ್ರಿ’ ಎಂದೆ. ಎಸಿ, ಹೆಡ್‌ಲೈಟ್, ಹಿಂದಿನ ಗಾಜಿನ ಹೀಟರ್ ಎಲ್ಲಾ ಹಾಕಿ, ರೇಸ್ ಸ್ವಲ್ಪ ಏರಿಸು ಎಂದರು. 13.3ಕ್ಕೆ ಇಳಿಯಿತು. ಗ್ಯಾರೇಜಿನವ ಇಲ್ಲಿಗೇ ನಿಲ್ಲಿಸಿ ಡೈನಮೋ ಬಿಚ್ಚಿದ್ದ. ಅದಕ್ಕಿಂತ ಮೊದಲು ಓಡುವ ಗಾಡಿಯ ಬ್ಯಾಟರಿ ತಂತಿಯನ್ನೇ ಕಿತ್ತು ‘ಪರೀಕ್ಷೆ’ ಮಾಡಿದ್ದ. ಅದನ್ನು ಕೇಳಿ ಮಾಮಾ ಹಣೆ ಬಡಿದುಕೊಂಡರು. ಹಾಗೆ ಕಿತ್ತರೆ ವೋಲ್ಟ್ ಒಮ್ಮೆಲೇ ಜಿಗಿದು ಕಂಪ್ಯೂಟರ್ ಪೆಟ್ಟಿಗೆಯೇ ಸುಟ್ಟೀತು. ಹಳೇ ಕಾಲದ ಗಾಡಿಯ ಚಟವನ್ನು ಕಂಪ್ಯೂಟರ್ ಇರುವ ಗಾಡಿಗೆ ತೋರಿಸಬಾರದು.

“ಈಗ ಡೈನಮೋದ ದಪ್ಪ ವೈರಿನ ಬೋಲ್ಟಿಗೆ ಮೀಟರಿನ ಒಂದು ಕಡ್ಡಿ ಇಡು, ಬ್ಯಾಟರಿ ಪ್ಲಸ್ಸಿಗೆ ಇನ್ನೊಂದು. ಬೆಲ್ಟಿಗೆ ವೈರ್ ತಾಗೀತು, ಹುಷಾರ್.”

0.15 ವೋಲ್ಟ್. ಆ ದಾರಿ ಸರಿ ಇದೆ ಎಂದರು. 0.2ರ ಒಳಗಿದ್ದರೆ ಚಿಂತೆ ಇಲ್ಲವಂತೆ. ಆಮೇಲೆ ಒಂದು ಕಡ್ಡಿ ಡೈನಮೋದ ಮೈಗೆ, ಇನ್ನೊಂದು ಬ್ಯಾಟರಿ ಮೈನಸ್ಸಿಗೆ. ಲೋಹಕ್ಕೆ ಲೋಹ, ಏನೂ ಬರಬಾರದು ಎಂದುಕೊಂಡಿದ್ದೆ. ಮೀಟರ್ 0.6 ತೋರಿಸಿತು.

ಮಾಮಾ ಏನೂ ಹೇಳದೆ ಚಹಾ ಕುಡಿದರು. ಆಮೇಲೆ, “ಒಬ್ರಿಗೆ ಕೀಲಿ ತಿರುವಲಕ್ಕ ಹೇಳು,” ಎಂದರು.

ಮನೆಯಾಕೆ ಸೀಟಿನಲ್ಲಿ ಕುಳಿತಳು. ಕಡ್ಡಿ ಒಂದು ಇಂಜಿನ್ನಿನ ಮೈಗೆ, ಒಂದು ಬ್ಯಾಟರಿ ಮೈನಸ್ಸಿಗೆ. ಟಕ್, ಟಕ್, ಟಕ್. ನಾಲ್ಕನೇ ಸಲ ಸೆಲ್ಫ್ ನರಳುತ್ತಾ ತಿರುಗಿತು, ಮೀಟರಿನಲ್ಲಿ 1.9 ವೋಲ್ಟ್! ಬ್ಯಾಟರಿ ಕೊಡುವ ಹತ್ತು ಹನ್ನೊಂದರಲ್ಲಿ ಹತ್ತಿರ ಹತ್ತಿರ ಎರಡು ವೋಲ್ಟ್ ಸೆಲ್ಫಿಗೆ ಮುಟ್ಟದೆ ದಾರಿಯಲ್ಲೇ ಸೋರುತ್ತಿತ್ತು. ಪ್ಲಸ್ ವೈರ್ ಎಲ್ಲರೂ ನೋಡುತ್ತಾರೆ. ಕರೆಂಟ್ ಬ್ಯಾಟರಿ ಮೈನಸ್ಸಿಗೆ ತಿರುಗಿ ಬರುವುದು ಇಂಜಿನ್ನಿನ ಮೈಯಿಂದ ತಾಮ್ರದ ಅರ್ಥಿಂಗ್ ಪಟ್ಟಿಯ ಮೂಲಕ, ಅದನ್ನು ನೋಡುವವರು ಕಡಿಮೆ. ಡೈನಮೋ ಚಾರ್ಜ್ ಮಾಡುವ ಕರೆಂಟಿಗೂ ಅದೇ ಪಟ್ಟಿಯೇ ದಾರಿ. ಎರಡು ರೋಗ ಎಂದು ನಾನು ಎರಡು ಸಲ ದುಡ್ಡು ಕೊಟ್ಟಿದ್ದೆ.

ಬಿಸಿಯಾದಾಗಲೇ ಯಾಕೆ? ಇದನ್ನು ಮಾಮಾ ನನಗೆ ಬಿಟ್ಟರು, ಡಿಪ್ಲೊಮಾ ಓದಿದವ ನೀನೇ ಹೇಳು ಎಂದು. ತಾಮ್ರ ಒಂದು ಡಿಗ್ರಿ ಬಿಸಿಯಾದರೆ ಅದರ ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಸುಮಾರು 0.4 ಶೇಕಡಾ ಏರುತ್ತದೆ. ಸೆಲ್ಫಿಗೆ ಕರೆಂಟ್ ಬಿಡುವ ಸ್ವಿಚ್ಚನ್ನು ಎಳೆಯುವ ಸೊಲೆನಾಯ್ಡ್ ಸುರುಳಿ 60 ಡಿಗ್ರಿ ಹೆಚ್ಚು ಕಾದರೆ ರೋಧ ಹತ್ತಿರ ಹತ್ತಿರ ಕಾಲು ಭಾಗ ಹೆಚ್ಚಿದಂತೆ, ಎಳೆಯುವ ಬಲವೂ ತಗ್ಗುತ್ತದೆ. ಗಾಡಿ ನಿಲ್ಲಿಸಿದೊಡನೆ ಗಾಳಿಯಿಲ್ಲ, ನೀರು ತಿರುಗುವುದಿಲ್ಲ, ಸೈಲೆನ್ಸರ್ ಪೈಪಿನ ಪಕ್ಕದ ಸೆಲ್ಫ್ ಮೊದಲ ಕಾಲು ಗಂಟೆಯಲ್ಲಿ ಇನ್ನಷ್ಟು ಕಾಯುತ್ತದೆ. ಅಂದರೆ ನಾನು ಹಾಲು ತರುವಷ್ಟು ಹೊತ್ತು. ಕೆಟ್ಟ ಅರ್ಥಿಂಗನ್ನು ತಣ್ಣಗಿದ್ದಾಗ ಸೆಲ್ಫ್ ಹೇಗೋ ಸಹಿಸಿಕೊಳ್ಳುತ್ತಿತ್ತು.

ಖಾತ್ರಿಗೆಂದು ಜಂಪ್ ಕೇಬಲ್ಲಿನ ಒಂದೇ ಎಳೆಯನ್ನು ಬ್ಯಾಟರಿ ಮೈನಸ್ಸಿನಿಂದ ನೇರ ಇಂಜಿನ್ನಿನ ಬೋಲ್ಟಿಗೆ ಕಚ್ಚಿಸಿದೆವು. ಸುಡುವ ಇಂಜಿನ್. ಒಂದೇ ಕೀಲಿಗೆ ಹತ್ತಿತು. ಮನೆಯಾಕೆ ಒಳಗಿನಿಂದಲೇ ಕೂಗಿದಳು.

ಮರುದಿನ ವಾದಿ ಕಬೀರಿನಲ್ಲಿ ಒಬ್ಬ ಪಾಕಿಸ್ತಾನಿ ಮಿಸ್ತ್ರಿ ಗಾಡಿಯ ಕೆಳಗೆ ನುಗ್ಗಿ ಪಟ್ಟಿ ಬಿಚ್ಚಿಕೊಟ್ಟ. ನನ್ನ ಕಲಬುರಗಿಯ ದಖ್ಖನಿ ಉರ್ದುವಿನ ‘ನಕ್ಕೋ’, ‘ಹೌ’ ಕೇಳಿ ಅವನಿಗೆ ನಗು ತಡೆಯಲಾಗಲಿಲ್ಲ, ಆದರೂ ಕೆಲಸ ಮಾತ್ರ ಚೊಕ್ಕ. ಪಟ್ಟಿಯ ತುದಿಯ ಲಗ್ (ಬೋಲ್ಟ್ ಕೂರುವ ಬಳೆ) ಒಳಗೆ ಹಸಿರು ಪುಡಿ, ಹೆಣೆದ ತಾಮ್ರದ ಎಳೆಗಳು ಕಪ್ಪಾಗಿ ಅರ್ಧಕ್ಕರ್ಧ ತುಂಡಾಗಿದ್ದವು. ಹಿಂದೆ ಯಾರೋ ಗೇರ್‌ಬಾಕ್ಸ್ ಇಳಿಸಿ, ಬೋಲ್ಟ್ ಕೂರುವ ಜಾಗಕ್ಕೂ ಬಣ್ಣ ಬಳಿದು, ಅದರ ಮೇಲೇ ಬಿಗಿದಿದ್ದರು. ಉಪ್ಪುಕಾಗದ ಹಾಕಿ ಹೊಳೆಯುವ ತನಕ ಉಜ್ಜಿ, ಹೊಸ ಪಟ್ಟಿ ಬಿಗಿದು, ಮೇಲೆ ವ್ಯಾಸಲೀನ್ ಬಳಿದೆವು. ಪಟ್ಟಿಗೆ 2 ರಿಯಾಲ್, ಕೈಗೂಲಿ 3. ಈಗ ಎಲ್ಲಾ ಲೈಟ್ ಹಾಕಿದರೂ ಬ್ಯಾಟರಿಯಲ್ಲಿ 13.9, ಕೀಲಿ ತಿರುವುವಾಗ ಅರ್ಥಿಂಗಿನಲ್ಲಿ 0.2.

ಫೋಟೋ ಕಳಿಸಿದೆ. ಮಾಮಾ ಹೊಸ ಪಟ್ಟಿ ನೋಡಿ ಹೆಬ್ಬೆರಳು ತೋರಿಸಿದರು, ಎರಡು ನಿಮಿಷಕ್ಕೆ ಧ್ವನಿ ಸಂದೇಶ ಬಂತು:

“ಮತ್ತ ಆ ಹಳೇ ಡೈನಮೋ ಛಲೋನೇ ಇತ್ತಲ್ಲ. ತಿರುಗಿ ಇಸ್ಕೊಂಡ್ಯೋ, ಗ್ಯಾರೇಜಿನವಗೇ ಬಿಟ್ಟು ಬಂದ್ಯೋ?”

ಬಿಟ್ಟು ಬಂದಿದ್ದೆ. ಇನ್ನೂ ಉತ್ತರ ಬರೆದಿಲ್ಲ.